ಎಲೆ ಹೇಳುವ ನೆಲದ ಮಾತು: ತುಮಕೂರು ಸೀಮೆಯ ತೋಟಗಳಲ್ಲಿ ರೋಗನಿದಾನದ ಚರಿತ್ರೆ

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಸುತ್ತಿನ ತೋಟಗಾರಿಕೆಯ ಚರಿತ್ರೆಯನ್ನು ಕೆರೆಗಳ ಮೂಲಕವೂ ಸಂತೆಗಳ ಮೂಲಕವೂ ಬರೆಯಬಹುದು; ಆದರೆ ತೆಂಗು, ಅಡಿಕೆ, ವೀಳ್ಯದೆಲೆಗಳನ್ನು ತಲೆಮಾರುಗಳಿಂದ ಬೆಳೆಸಿದ ಈ ಸೀಮೆಯ ಜನ ಎಲೆಯ ಬಣ್ಣ ಕೆಟ್ಟಾಗ ಅದನ್ನು ಹೇಗೆ ಅರ್ಥಮಾಡಿಕೊಂಡರು ಎಂಬ ಪ್ರಶ್ನೆಯ ಮೂಲಕ ನೋಡಿದರೆ, ನೆಲ, ನೀರು, ವಿಜ್ಞಾನ ಮತ್ತು ನಂಬಿಕೆ ನಾಲ್ಕೂ ಒಂದೇ ಕಥನದಲ್ಲಿ ಕೂಡಿಬರುತ್ತವೆ. ಎಲೆ ಹಳದಿಯಾಗುವುದು, ಬಿಳಿಚಿಕೊಳ್ಳುವುದು, ತುದಿ ಸೀದು ಹೋಗುವುದು, ಕಪ್ಪಾಗುವುದು ಇವೆಲ್ಲ ರೋಗದ ಕುರುಹುಗಳೇ ಹೊರತು ರೋಗವಲ್ಲ. ಕುರುಹಿನಿಂದ ಕಾರಣಕ್ಕೆ ಹೋಗುವ ವಿಚಾರಕ್ರಮವನ್ನು ವೈದ್ಯಶಾಸ್ತ್ರದ ಮಾತಿನಲ್ಲಿ ನಿದಾನ ಎನ್ನುತ್ತಾರೆ. ಈ ನಿದಾನವು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದರೂ, ಎಲೆಯಲ್ಲಿ ಕಾಣುವುದರ ಮೂಲ ಬಹುಪಾಲು ಬೇರಿನಲ್ಲಿ ಮತ್ತು ಬೇರಿಗೆ ತಲುಪುವ ನೀರಿನಲ್ಲಿ ಇರುತ್ತದೆ ಎಂಬ ಅರಿವು ಈ ಸೀಮೆಯ ಅನುಭವದಲ್ಲಿ ಮತ್ತೆ ಮತ್ತೆ ದೃಢಪಟ್ಟಿದೆ.

ಇದಕ್ಕೆ ಸೀಮೆಯ ಭೂಸ್ವರೂಪವೇ ಕಾರಣ. ತುಮಕೂರು ಜಿಲ್ಲೆ ಮಳೆಯ ನೆರಳಿನಲ್ಲಿರುವ ಬಯಲುಸೀಮೆ; ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಮಲೆನಾಡಿನಲ್ಲಿ ಅದರ ಹಲವು ಪಟ್ಟು ಮಳೆಯಲ್ಲಿ ಬೆಳೆಯುವ ಅಡಿಕೆ ಇಲ್ಲಿ ಬೇರೂರಿದ್ದು ಕೆರೆಗಳ ಬಲದಿಂದ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿಯ ಜಲಾನಯನದಲ್ಲಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಇದೆ. ಕುಣಿಗಲ್ ತಾಲ್ಲೂಕಿನಲ್ಲಿ ಅದೇ ನದಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ, ತಾನಾಗಿಯೇ ನೀರು ಹೊರಹಾಕುವ ಸೈಫನ್ ವ್ಯವಸ್ಥೆಯುಳ್ಳ ಮಾರ್ಕೋನಹಳ್ಳಿ ಜಲಾಶಯವಿದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಯೂ ಅಲ್ಲಿಯೇ ಇದೆ. ಏರಿಯ ಮೇಲ್ಭಾಗದ ದಿಣ್ಣೆಗಳಲ್ಲಿ ನೀರು ಬೇಗ ಬಸಿದುಹೋಗುವ ಮರಳುಮಿಶ್ರಿತ ಕೆಮ್ಮಣ್ಣು, ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ತೇವ ಹಿಡಿದಿಡುವ ಜಿಗುಟು ಮಣ್ಣು, ಇನ್ನೂ ತಗ್ಗಿನಲ್ಲಿ ಲವಣ ಕೂಡಿದ ಚೌಳು ನೆಲ, ಹೀಗೆ ಅರ್ಧ ಮೈಲಿಯ ಅಂತರದಲ್ಲಿ ಮೂರು ಬಗೆಯ ನೆಲ ಸಿಗುವುದರಿಂದ, ಒಂದೇ ತಳಿಯ ಗಿಡ ಮೂರು ಕಡೆ ಮೂರು ಬಗೆಯ ಬಣ್ಣ ತೋರಿಸುವುದು ಇಲ್ಲಿನ ಬೇಸಾಯಗಾರರಿಗೆ ಹೊಸದಲ್ಲ.

1800ರಲ್ಲಿ, ಟಿಪ್ಪುವಿನ ಪತನದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕನನ್ ಈ ಭಾಗದ ತೆಂಗು, ಅಡಿಕೆ ತೋಟಗಳನ್ನೂ ಗುಬ್ಬಿಯ ವಾರದ ಸಂತೆಯ ವಹಿವಾಟನ್ನೂ ನೋಡಿ ದಾಖಲಿಸಿದನು. ಆ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಕಂಡ ತೋಟಗಾರಿಕೆ ಕೆರೆಯ ತೂಬು, ಏತ ಮತ್ತು ಎತ್ತುಗಳಿಂದ ನೀರೆತ್ತುವ ಕಪಿಲೆಗಳನ್ನು ನಂಬಿ ನಿಂತಿತ್ತು. ಗುಬ್ಬಿಯ ಸಂತೆಗೆ ಹೊರಗಿನ ವರ್ತಕರು ಬರುತ್ತಿದ್ದುದರಿಂದ ತೋಟದ ಆರೋಗ್ಯ ಮನೆಯ ಮಾತಷ್ಟೇ ಆಗಿರದೆ ಮಾರುಕಟ್ಟೆಯ ಮಾತೂ ಆಗಿತ್ತು. ಒಂದು ವರ್ಷ ಗರಿ ಹಳದಿಗಟ್ಟಿದರೆ ಅದರ ಮುಂದಿನ ವರ್ಷಗಳ ಫಸಲು ಕುಗ್ಗುತ್ತದೆ ಎಂಬುದು ಬೆಳೆದವರಿಗೂ ಕೊಳ್ಳುವವರಿಗೂ ತಿಳಿದ ವಿಷಯವಾಗಿತ್ತು.

ಇಂಥ ಸಮಾಜದಲ್ಲಿ ಎಲೆಯ ಬಣ್ಣಕ್ಕೆ ಸೂಕ್ಷ್ಮವಾದ ಪದಸಂಪತ್ತು ಬೆಳೆದದ್ದು ಸಹಜ. ವಯಸ್ಸಾಗಿ ತಾನಾಗಿಯೇ ಹಳದಿಯಾದ ಎಲೆಗೆ ಕನ್ನಡದಲ್ಲಿ ಹಣ್ಣೆಲೆ ಎಂಬ ಹೆಸರಿದೆ; ಕಾಯಿ ಹಣ್ಣಾಗುವಂತೆ ಎಲೆಯೂ ಹಣ್ಣಾಗುತ್ತದೆ ಎಂಬ ಈ ಕಲ್ಪನೆಯೇ ಒಂದು ನಿದಾನ, ಏಕೆಂದರೆ ಹಣ್ಣೆಲೆ ಎಂದು ಗುರುತಿಸಿದೊಡನೆ ಅದಕ್ಕೆ ಮದ್ದು ಬೇಡವೆಂಬ ತೀರ್ಮಾನವೂ ಜೊತೆಗೇ ಬರುತ್ತದೆ. ಎಳೆಯ ಎಲೆ ಬಣ್ಣಗೆಟ್ಟರೆ ಬಿಳಿಚಿತು ಎಂದು, ಅಂಚು ಸುಟ್ಟಂತಾದರೆ ಸೀದುಹೋಯಿತು ಎಂದು, ಬಾಡಿ ಬಣ್ಣಗುಂದಿದರೆ ಕಂದಿತು ಎಂದು ಹೇಳುವಾಗ ಪ್ರತಿಯೊಂದು ಕ್ರಿಯಾಪದವೂ ಬೇರೆ ಬೇರೆ ಕಾರಣವನ್ನು ಸೂಚಿಸುತ್ತದೆ. ವೀಳ್ಯದೆಲೆಯ ವಿಷಯದಲ್ಲಂತೂ ತಿಳಿ ಹಳದಿ ಛಾಯೆಯೆಂಬುದು ತಳಿಯ ಗುಣವೂ ಆಗಬಹುದು: ಅಂಬಾಡಿ ಎಲೆಯ ತಿಳಿ ಬಣ್ಣ ಅದರ ಹುಟ್ಟುಗುಣ, ಕರಿ ಎಲೆಯ ಗಾಢ ಹಸಿರು ಅದರ ಹುಟ್ಟುಗುಣ. ಹೀಗಾಗಿ ಎಲೆತೋಟದಲ್ಲಿ ಬಣ್ಣವನ್ನು ಓದಬೇಕಾದವರು ಮೊದಲು ಬಳ್ಳಿಯ ಜಾತಿಯನ್ನು ತಿಳಿದಿರಬೇಕಾಗಿತ್ತು.

ಗ್ರಂಥಸ್ಥ ಪರಂಪರೆಯಲ್ಲಿ ಈ ವಿಚಾರ ಇನ್ನೂ ಹಿಂದಕ್ಕೆ ಹೋಗುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮರಗಳ ರೋಗಲಕ್ಷಣಗಳಲ್ಲಿ ಪಾಂಡುಪತ್ರತೆ, ಅಂದರೆ ಎಲೆ ಬಿಳಿಚಿಕೊಳ್ಳುವುದು, ಮೊದಲನೆಯದಾಗಿ ಬರುತ್ತದೆ. ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಅದರ ಜೊತೆಗಿವೆ, ಮತ್ತು ಇವುಗಳಿಗೆ ಚಳಿ, ಗಾಳಿ, ಬಿಸಿಲುಗಳನ್ನು ಕಾರಣವಾಗಿ ಹೇಳಲಾಗಿದೆ. ಕನ್ನಡದಲ್ಲಿ ಈ ಶಾಸ್ತ್ರವನ್ನು ತಂದ ಮುಖ್ಯ ಕೃತಿ, ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರ. ಜನಸಾಮಾನ್ಯರ ಬದುಕಿಗೆ ಬೇಕಾದ ತಿಳಿವಳಿಕೆಯನ್ನು ಒಂದೆಡೆ ಸೇರಿಸಿದ ಈ ಗ್ರಂಥದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ವಿದ್ಯೆಯೂ ಮರಗಿಡಗಳ ವೈದ್ಯವಾದ ವೃಕ್ಷಾಯುರ್ವೇದವೂ ಜೊತೆಜೊತೆಗೆ ಬರುತ್ತವೆ. ನೀರನ್ನು ಅರಿಯದವನು ಗಿಡದ ಆರೋಗ್ಯವನ್ನೂ ಅರಿಯಲಾರನೆಂಬ ಭಾವ ಆ ಜೋಡಣೆಯಲ್ಲಿ ಅಡಗಿದೆಯೆಂದು ಭಾವಿಸುವುದು ಅಸಂಗತವಲ್ಲ. ಮನುಷ್ಯರಂತೆ ಮರಗಳಿಗೂ ವಾತ, ಪಿತ್ತ, ಕಫಗಳ ಏರುಪೇರಿನಿಂದ ರೋಗ ಬರುತ್ತದೆಂಬುದು ವೃಕ್ಷಾಯುರ್ವೇದದ ಸಿದ್ಧಾಂತ. ಸುರಪಾಲನ ಸಂಸ್ಕೃತ ಗ್ರಂಥದಲ್ಲಿ ಎಲೆ ಹಳದಿಯಾಗಿ ಕಾಯಿ ಅಕಾಲದಲ್ಲಿ ಉದುರುವುದು ಪಿತ್ತದ ಲಕ್ಷಣವೆನಿಸಿದೆ. ಇಂದಿನ ದೃಷ್ಟಿಯಲ್ಲಿ ಈ ವಿವರಣೆ ನಿಲ್ಲಲಾರದು, ಆದರೆ ಎಲೆಯ ಬಣ್ಣವನ್ನು ಕಾಯಿ ಉದುರುವುದರೊಂದಿಗೆ ಮತ್ತು ಋತುವಿನೊಂದಿಗೆ ಕೂಡಿಸಿ ನೋಡಬೇಕೆಂಬ ಅದರ ಶಿಸ್ತು ಮಾತ್ರ ಸರಿಯಾದದ್ದೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಿದಾನಕ್ಕೆ ಸೂಕ್ಷ್ಮದರ್ಶಕ ಸೇರಿತು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗವನ್ನು ಕುರಿತು ಅವರು 1910ರಲ್ಲಿ ಪ್ರಕಟಿಸಿದ ಅಧ್ಯಯನವು ಆ ರೋಗಕ್ಕೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿತು, ಮತ್ತು ಮೈಲುತುತ್ತ ಹಾಗೂ ಸುಣ್ಣವನ್ನು ನೀರಿನಲ್ಲಿ ಕಲಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಅಡಿಕೆ ಬೆಳೆಗಾರರಲ್ಲಿ ಬಳಕೆಗೆ ತಂದಿತು. ಕೊಳೆರೋಗ ಮುಖ್ಯವಾಗಿ ಮಲೆನಾಡಿನ ಮಳೆಗಾಲದ ಸಂಕಟವಾಗಿದ್ದರೂ, ಅದರ ಅಧ್ಯಯನ ಬಯಲುಸೀಮೆಗೂ ಒಂದು ಪಾಠ ಕೊಟ್ಟಿತು: ದೃಷ್ಟಿದೋಷ, ಗ್ರಹಚಾರ ಅಥವಾ ಪಿತ್ತವೆಂದು ಹೇಳುತ್ತಿದ್ದ ಕಡೆ ಕಣ್ಣಿಗೆ ಕಾಣದ ಒಂದು ಜೀವಿ ಇರಬಹುದು ಮತ್ತು ಆ ಜೀವಿ ತೇವವನ್ನು ಹಿಂಬಾಲಿಸುತ್ತದೆ ಎಂಬುದೇ ಆ ಪಾಠ.

ಬಯಲುಸೀಮೆಯ ತೋಟಗಳಿಗೆ ಇದಕ್ಕಿಂತ ಹತ್ತಿರದ ಸಮಸ್ಯೆ ಅಣಬೆ ರೋಗವಾಗಿತ್ತು. ಗ್ಯಾನೊಡರ್ಮ ಎಂಬ ಶಿಲೀಂಧ್ರದಿಂದ ತೆಂಗು ಮತ್ತು ಅಡಿಕೆಗೆ ಬರುವ ಈ ರೋಗದಲ್ಲಿ ಹೊರಸುತ್ತಿನ ಗರಿಗಳು ಮೊದಲು ಹಳದಿಯಾಗಿ ಜೋತುಬೀಳುತ್ತವೆ, ಬುಡದ ಕಾಂಡದಿಂದ ಕೆಂಪು ಮಿಶ್ರಿತ ಕಂದು ರಸ ಸೋರುತ್ತದೆ, ಹರಳು ಉದುರುತ್ತದೆ, ಬೇರು ಕೊಳೆಯುತ್ತದೆ, ಕೊನೆಗೆ ಬುಡದಲ್ಲಿ ಗಡುಸಾದ ಅಣಬೆ ಮೂಡುತ್ತದೆ. ಮೈಸೂರಿನ ಸಸ್ಯರೋಗ ವಿಜ್ಞಾನಿ ಎಸ್.ವಿ. ವೆಂಕಟರಾಯನ್ ಅಡಿಕೆ ಮತ್ತು ತೆಂಗಿನ ಮೇಲೆ ಈ ಶಿಲೀಂಧ್ರದ ಜೀವನಕ್ರಮವನ್ನು ಅಭ್ಯಾಸ ಮಾಡಿ 1936ರಲ್ಲಿ ಪ್ರಕಟಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ರೋಗದ ಕಣ್ಣಿಗೆ ಬೀಳುವ ಗುರುತು ಎಲೆಯ ಹಳದಿಯಾಗಿದ್ದರೂ ಅದರ ಹೆಸರು ಬುಡದಲ್ಲಿ ಏಳುವ ಅಣಬೆಯಿಂದ ಬಂದಿದೆ. ಕೇಡಿನ ಮೂಲ ನೆಲದಲ್ಲಿದೆಯೆಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ನೆಲೆಸಿದೆ. ಶಿಲೀಂಧ್ರವು ಒಂದು ಮರದ ಬೇರಿನಿಂದ ಪಕ್ಕದ ಮರದ ಬೇರಿಗೂ, ರೋಗದ ಮರದ ಪಾತಿಯಿಂದ ಹರಿದ ನೀರಿನೊಂದಿಗೆ ಮುಂದಿನ ಪಾತಿಗೂ ಹೋಗುವುದರಿಂದ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ನೀರು ಹಾಯಿಸುತ್ತಿದ್ದ ಹಳೆಯ ಕ್ರಮವೇ ರೋಗಕ್ಕೆ ದಾರಿಯಾಯಿತು. ಸೋಂಕಿದ ಮರದ ಸುತ್ತ ಕಂದಕ ತೋಡಿ ಬೇರಿನ ಸಂಪರ್ಕ ಕಡಿಯುವುದು, ಪ್ರತಿ ಮರಕ್ಕೆ ಬೇರೆಬೇರೆಯಾಗಿ ನೀರು ಕೊಡುವುದು, ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ ಹಾಕುವುದು, ನಡುವೆ ಬಾಳೆ ಬೆಳೆಯುವುದು ಎಂಬ ಇಂದಿನ ಸಲಹೆಗಳೆಲ್ಲ ನೆಲವನ್ನು ಉದ್ದೇಶಿಸಿದವೇ ಹೊರತು ಹಳದಿಯಾದ ಗರಿಯನ್ನಲ್ಲ.

ಸೂಕ್ಷ್ಮಜೀವಿಯ ಸಿದ್ಧಾಂತಕ್ಕೆ ಜೊತೆಯಾಗಿ ಬಂದ ಎರಡನೆಯ ದೃಷ್ಟಿ ಪೋಷಕಾಂಶಗಳದ್ದು. ಫ್ರಾನ್ಸಿನ ಯೂಸೆಬ್ ಗ್ರಿ 1840ರ ದಶಕದಲ್ಲಿ ಬಿಳಿಚಿದ ಗಿಡಗಳಿಗೆ ಕಬ್ಬಿಣದ ಲವಣ ಕೊಟ್ಟು ಹಸಿರು ಮರಳಿಸಿ ತೋರಿಸಿದಾಗ, ಎಲೆಯ ಬಣ್ಣ ಒಂದೊಂದು ಧಾತುವಿನ ಲೆಕ್ಕವನ್ನು ಹೇಳಬಲ್ಲದೆಂಬ ವಿಚಾರಕ್ಕೆ ಬುನಾದಿ ಬಿತ್ತು. ಅದರ ಮುಖ್ಯ ಸೂತ್ರ ಸರಳವಾದದ್ದು. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂಗಳನ್ನು ಗಿಡವು ಹಳೆಯ ಎಲೆಯಿಂದ ಹಿಂತೆಗೆದು ಹೊಸ ಚಿಗುರಿಗೆ ಕಳುಹಿಸಬಲ್ಲದು, ಆದ್ದರಿಂದ ಅವುಗಳ ಕೊರತೆ ಮೊದಲು ಕೆಳಗಿನ ಮುದಿ ಎಲೆಗಳಲ್ಲಿ ಕಾಣುತ್ತದೆ. ಕಬ್ಬಿಣ, ಬೋರಾನ್, ಸುಣ್ಣದಂಶಗಳನ್ನು ಹಾಗೆ ಸಾಗಿಸಲಾರದು, ಆದ್ದರಿಂದ ಅವುಗಳ ಕೊರತೆ ಸುಳಿಯ ಎಳೆಯ ಎಲೆಗಳಲ್ಲಿ ಕಾಣುತ್ತದೆ. ಸಾರಜನಕ ಸಾಲದಾದರೆ ಮುದಿ ಗರಿ ಒಂದೇ ಸಮನೆ ತಿಳಿ ಹಳದಿಯಾಗುತ್ತದೆ. ಪೊಟ್ಯಾಷ್ ಸಾಲದಾದರೆ ತೆಂಗಿನ ಗರಿಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಮೂಡಿ ಎಲೆಯ ತುದಿ ಮತ್ತು ಅಂಚು ಸೀಯುತ್ತದೆ. ಕಬ್ಬಿಣ ಸಾಲದಾದರೆ ಎಳೆಯ ಎಲೆ ಬಿಳಿಚಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಬೋರಾನ್ ಸಾಲದಾದರೆ ಸುಳಿಯ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಮುರುಟುತ್ತವೆ. ಹಣ್ಣೆಲೆಗೂ ಬಿಳಿಚಿದ ಎಳೆ ಎಲೆಗೂ ಕನ್ನಡವು ಮೊದಲೇ ಮಾಡಿದ್ದ ಭೇದಕ್ಕೆ ಈ ಸೂತ್ರ ರಸಾಯನಶಾಸ್ತ್ರದ ಆಧಾರ ಕೊಟ್ಟಿತು.

ಈ ಜ್ಞಾನವನ್ನು ಸ್ಥಳೀಯ ಬೆಳೆಗಳಿಗೆ ಹೊಂದಿಸುವ ಕೆಲಸದಲ್ಲಿ ತುಮಕೂರು ನಗರಕ್ಕೆ ಸಮೀಪದ ಹಿರೇಹಳ್ಳಿಗೆ ಒಂದು ಸ್ಥಾನವಿದೆ. ವಿಟ್ಲದ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರವು 1956ರಲ್ಲಿ ಆರಂಭವಾದ ಕಾಲಘಟ್ಟದಲ್ಲಿ ಬೇರೆಬೇರೆ ಹವಾಮಾನಗಳಿಗೆಂದು ತೆರೆದ ಪ್ರಾದೇಶಿಕ ಕೇಂದ್ರಗಳಲ್ಲಿ ಹಿರೇಹಳ್ಳಿಯದು ಬಯಲುಸೀಮೆಯ ಕೇಂದ್ರವಾಗಿತ್ತು. ಅಲ್ಲಿ ಗುರುತಿಸಿದ ಗಿಡ್ಡ ಅಡಿಕೆ ತಳಿ ಹಿರೇಹಳ್ಳಿ ಡ್ವಾರ್ಫ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿ ಮುಂದೆ ಸಂಕರ ತಳಿಗಳಿಗೆ ತಾಯಿಯಾಯಿತು. ಇಂದು ಹಿರೇಹಳ್ಳಿಯ ಕೇಂದ್ರ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಆಡಳಿತದಲ್ಲಿದ್ದು, ಅದೇ ಊರಿನ ಕೃಷಿ ವಿಜ್ಞಾನ ಕೇಂದ್ರವು ರೈತರಿಗೆ ಸಲಹೆ ನೀಡುತ್ತಿದೆ. ಸಂಶೋಧನೆಯು ಬೆಳೆದಂತೆ ಕಣ್ಣಿನ ಅಂದಾಜಿನ ಜಾಗದಲ್ಲಿ ಅಳತೆ ಬಂದಿತು: ಪೋಷಕಾಂಶ ಪರೀಕ್ಷೆಗೆ ತೆಂಗಿನಲ್ಲಿ ತುದಿಯಿಂದ 14ನೆಯ ಗರಿಯನ್ನೂ ಅಡಿಕೆಯಲ್ಲಿ 4ನೆಯ ಎಲೆಯನ್ನೂ ಮಾದರಿಯಾಗಿ ತೆಗೆದುಕೊಳ್ಳುವ ಪದ್ಧತಿ ನೆಲೆಗೊಂಡಿತು, ಫಲ ಕೊಡುವ ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಎಂದೂ, ಅಡಿಕೆಗೆ ಕ್ರಮವಾಗಿ 100, 40 ಮತ್ತು 140 ಗ್ರಾಂ ಎಂದೂ ಶಿಫಾರಸು ರೂಢಿಗೆ ಬಂದಿತು. ತೆಂಗಿನ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುವುದರಿಂದ 14ನೆಯ ಗರಿಯೆಂದರೆ ಸುಮಾರು ಒಂದು ವರ್ಷದ ಹಿಂದೆ ಬಿಚ್ಚಿಕೊಂಡ ಗರಿ. ಅಂದರೆ ಮರದ ತಲೆಯೇ ಒಂದು ಪಂಚಾಂಗ, ಅದರಲ್ಲಿ ಇಂದು ಕಾಣುವ ಹಳದಿ ತಿಂಗಳುಗಳ ಹಿಂದೆ ನೆಲದಲ್ಲಿ ಆದದ್ದರ ದಾಖಲೆ.

ಬಣ್ಣವನ್ನಷ್ಟೇ ನಂಬಬಾರದೆಂಬುದಕ್ಕೆ ಅಡಿಕೆಯ ಹಿಡಿಮುಂಡಿಗೆ ಒಳ್ಳೆಯ ಸಾಕ್ಷಿ. ಈ ತೊಂದರೆಯಲ್ಲಿ ಎಲೆಗಳು ಹಳದಿಯಾಗುವ ಬದಲು ಇನ್ನಷ್ಟು ಗಾಢ ಹಸಿರಾಗಿ, ಚಿಕ್ಕದಾಗಿ, ಪೆಡಸಾಗಿ ಮುರುಟುತ್ತವೆ. ಗೆಣ್ಣುಗಳ ನಡುವಿನ ಅಂತರ ಕಿರಿದಾಗಿ ತಲೆ ಹಿಡಿಯಷ್ಟಾಗುತ್ತದೆ. ಇದಕ್ಕೆ ಯಾವ ಸೂಕ್ಷ್ಮಜೀವಿಯೂ ಕಾರಣವಲ್ಲ. ಗಟ್ಟಿ ನೆಲ ಮತ್ತು ನೀರು ಬಸಿಯದ ಸ್ಥಿತಿಯೇ ಕಾರಣ. ಬಸಿಗಾಲುವೆ ತೆಗೆದು ಮಣ್ಣನ್ನು ಸಡಿಲಗೊಳಿಸುವುದು ಅದರ ಮೊದಲ ಚಿಕಿತ್ಸೆ. ಹಸಿರೆಂದರೆ ಆರೋಗ್ಯ, ಹಳದಿಯೆಂದರೆ ರೋಗ ಎಂಬ ಸುಲಭದ ಲೆಕ್ಕವನ್ನು ಈ ಒಂದು ಉದಾಹರಣೆಯೇ ಅಲ್ಲಗಳೆಯುತ್ತದೆ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನೀರಿನ ಮೂಲಗಳು ಬದಲಾದಂತೆ ಎಲೆಯ ಭಾಷೆಯೂ ಜಟಿಲವಾಯಿತು. ಕೊಳವೆಬಾವಿಗಳಿಂದಾಗಿ ಅಡಿಕೆ ಕೆರೆಯ ಅಚ್ಚುಕಟ್ಟನ್ನು ಬಿಟ್ಟು ದಿಣ್ಣೆಯ ಕೆಮ್ಮಣ್ಣಿಗೆ ಹತ್ತಿತು. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳು ಮುಂದೆ ಈ ಜಿಲ್ಲೆಯ ಕೆರೆಗಳಿಗೆ ನೀರು ತಂದವು. ಆಳದ ಗಡಸು ನೀರಿನ ನಿರಂತರ ಬಳಕೆಯಿಂದ ಮಣ್ಣಿನಲ್ಲಿ ಕ್ಷಾರದ ಅಂಶ ಹೆಚ್ಚಿದ ಕಡೆ, ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕದೆ ಸುಳಿ ಬಿಳಿಚುತ್ತದೆ. ನೀರು ನಿಂತ ತಗ್ಗಿನಲ್ಲಿ ಬೇರಿಗೆ ಗಾಳಿ ಸಿಗದೆ ಗೊಬ್ಬರವಿದ್ದರೂ ಗಿಡ ಹಸಿದಿರುತ್ತದೆ. ಕೊಳವೆಬಾವಿ ಬತ್ತಿದ ದಿಣ್ಣೆಯಲ್ಲಿ ಬರದಿಂದ ಗರಿ ಒಣಗುತ್ತದೆ. ಮೂರೂ ಕಡೆ ದೂರದಿಂದ ಕಾಣುವುದು ಹಳದಿಯೇ. ಮಲೆನಾಡಿನ ಶೃಂಗೇರಿ, ಕೊಪ್ಪ ಭಾಗದ ಅಡಿಕೆಯನ್ನು ಹಾಳುಮಾಡಿರುವ, ಫೈಟೊಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿಗೆ ಸಂಬಂಧಿಸಿದ ಹಳದಿ ಎಲೆ ರೋಗದ ಸುದ್ದಿ ಹರಡಿದಂತೆಲ್ಲ ಬಯಲುಸೀಮೆಯ ಪ್ರತಿಯೊಂದು ಹಳದಿಯನ್ನೂ ಅದೇ ರೋಗವೆಂದು ಭಾವಿಸುವ ಅಪಾಯವೂ ಇದೆ. ಇದರ ಮೇಲೆ, 2016ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿ ನೊಣದ ಅಂಟಂಟಾದ ಸ್ರಾವದ ಮೇಲೆ ಬೆಳೆಯುವ ಬೂಷ್ಟಿನಿಂದ ತೆಂಗಿನ ಗರಿ ಮಸಿ ಬಳಿದಂತೆ ಕಪ್ಪಾಗುವ ಹೊಸ ಕುರುಹೂ ಸೇರಿಕೊಂಡಿದೆ.

ಹಳೆಯ ಮತ್ತು ಹೊಸ ನಿದಾನಗಳು ಪರಸ್ಪರ ವಿರೋಧಿಗಳಲ್ಲವೆಂಬುದನ್ನು ಒಬ್ಬ ವಿಜ್ಞಾನಿಯ ಜೀವನ ತೋರಿಸಿಕೊಟ್ಟಿದೆ. ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ವೈ.ಎಲ್. ನೇನೆ 1966ರಲ್ಲಿ, ತರಾಯಿ ಪ್ರದೇಶದ ಭತ್ತದ ಎಲೆ ತುಕ್ಕಿನ ಬಣ್ಣಕ್ಕೆ ತಿರುಗುವ ಖೈರಾ ಎಂಬ ಕಾಯಿಲೆಗೆ ಸತುವಿನ ಕೊರತೆಯೇ ಕಾರಣವೆಂದು ಪ್ರಕಟಿಸಿದರು. ಅವರೇ ಮುಂದೆ 1994ರಲ್ಲಿ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಸ್ಥಾಪಿಸಿ, 1996ರಲ್ಲಿ ಸುರಪಾಲನ ವೃಕ್ಷಾಯುರ್ವೇದವನ್ನೂ 2006ರಲ್ಲಿ ಕನ್ನಡದ ಲೋಕೋಪಕಾರವನ್ನೂ ಇಂಗ್ಲಿಷಿನಲ್ಲಿ ಹೊರತಂದರು. ಸತುವಿನ ಕೊರತೆಯನ್ನು ಗುರುತಿಸಿದ ವಿದ್ವಾಂಸರೇ ಸಾವಿರ ವರ್ಷ ಹಿಂದಿನ ಕನ್ನಡ ಗ್ರಂಥವನ್ನು ಲೋಕದ ಮುಂದಿಟ್ಟದ್ದು ಆಕಸ್ಮಿಕವಲ್ಲ. ಎಲೆಯನ್ನು ಗಮನವಿಟ್ಟು ನೋಡುವ ಪರಂಪರೆ ಎಷ್ಟು ಹಳೆಯದೆಂಬುದನ್ನು ಅವರು ತಿಳಿದಿದ್ದರು.

ಈ ದೀರ್ಘ ಚರಿತ್ರೆಯಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಪಿತ್ತದ ಸಿದ್ಧಾಂತ ಹೋಗಿ ಶಿಲೀಂಧ್ರದ ಸಿದ್ಧಾಂತ ಬಂದಿತು, ಅದರ ಪಕ್ಕದಲ್ಲಿ ಪೋಷಕಾಂಶದ ಲೆಕ್ಕ ನಿಂತಿತು. ಆದರೆ ಯಾವ ಕಾಲದಲ್ಲಿಯೂ ತೋಟವನ್ನು ಉಳಿಸಿದ್ದು ಎಲೆಯಿಂದ ಆರಂಭಿಸಿ ಬೇರಿನವರೆಗೆ ಇಳಿದ ವಿಚಾರಕ್ರಮ. ಬೇಸಗೆಯಲ್ಲಿ ಕೆರೆಯ ಗೋಡು ತಂದು ತೋಟಕ್ಕೆ ಹರಡುವುದು, ಹೊಂಗೆಯ ಸೊಪ್ಪನ್ನು ಪಾತಿಗೆ ತುಂಬುವುದು, ಮಳೆಗೆ ಮುನ್ನ ಬಸಿಗಾಲುವೆ ಬಿಡಿಸುವುದು ಎಂಬ ಹಿಂದಿನ ವಾಡಿಕೆಗಳು ರೋಗ ಬಂದ ಮೇಲಿನ ಮದ್ದುಗಳಾಗಿರದೆ ರೋಗ ಬಾರದಂತೆ ನೆಲವನ್ನು ಕಾಯುವ ವ್ರತಗಳಾಗಿದ್ದವು. ಅವು ತಪ್ಪಿದ ಕಡೆ, ಗರಿ ಹಳದಿಯಾದೊಡನೆ ಯೂರಿಯಾ ಚೀಲ ಬಿಚ್ಚುವ ಅವಸರ ಬೆಳೆದಿದೆ. ನೀರು ನಿಂತ ನೆಲದಲ್ಲಿ ಅದು ವ್ಯರ್ಥ, ಅಣಬೆ ರೋಗ ಹಿಡಿದ ಮರಕ್ಕೆ ಅದು ನಿರುಪಯುಕ್ತ, ಕ್ಷಾರದಿಂದ ಬಿಳಿಚಿದ ಸುಳಿಗೆ ಅದು ಉತ್ತರವೇ ಅಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ತೋಟದವರು ಯಾವ ಎಲೆ ಮೊದಲು ಬಣ್ಣಗೆಟ್ಟಿತು, ಮುದಿಯೋ ಎಳೆಯೋ, ತುದಿಯಿಂದಲೋ ಬುಡದಿಂದಲೋ, ಒಂದು ಮರವೋ ಸಾಲೋ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಬಳಿಕ ಪಾತಿಯನ್ನು ಅಗೆದು ಬೇರನ್ನು ನೋಡಬೇಕು, ಮಣ್ಣನ್ನೂ ನೀರನ್ನೂ ಪರೀಕ್ಷೆಗೆ ಕಳುಹಿಸಬೇಕು. ಗೊಬ್ಬರದ ಅಥವಾ ಔಷಧದ ಮಾತು ಅದರ ನಂತರ ಬರಬೇಕು. ಕೆರೆಯ ಹೂಳನ್ನು ತೆಗೆದು, ಬಸಿಗಾಲುವೆಯನ್ನು ತೆರೆದಿಟ್ಟು, ಮಣ್ಣನ್ನು ಜೀವಂತವಾಗಿಟ್ಟ ಊರಿನಲ್ಲಿ ಎಲೆಯ ಬಣ್ಣಕ್ಕೆ ಹೆದರಬೇಕಾದ ಸಂದರ್ಭಗಳು ಕಡಿಮೆ.